ಚಾರಿಟಿಗೆ ಎರಡು ಪುಟ ಕೊಡು

ಪ್ರೀತಿಯ ತಂಗಿಗೆ,

ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕದ ರಾಜಕಾರಣಿ ಥಾಡಿಯಸ್ ಸ್ಟೀವನ್ಸ್ ಕುರಿತ ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಲ್ಯಾಂಕಾಸ್ಟರ್ ಊರಿನಲ್ಲಿರುವ ಅವನ ಸಮಾಧಿಯ ಪುಟದಲ್ಲಿ ಕಣ್ಣು ತುಂಬಿ ಬಂತು. ಬೇರೆ ಸ್ಮಶಾನಗಳಲ್ಲಿ ಬಣ್ಣ ನೋಡಿ ಜಾಗ ಕೊಡುತ್ತಾರೆಂದು, ಎಲ್ಲರನ್ನೂ ಹೂಳುವ ಚಿಕ್ಕ ಸ್ಮಶಾನವನ್ನು ಆರಿಸಿಕೊಂಡ. ಆ ಕಾರಣ ಗೋರಿಕಲ್ಲಿನ ಮೇಲೂ ಇದೆ. ಒಂದೂ ವಿಶೇಷಣ ಬಳಸದೆ ಇದನ್ನು ಹೇಳಿದ್ದೀಯೆ.

ಆದರೆ 1821 ಎಲ್ಲಿ ಹೋಯಿತು?

1816ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಹಿಡಿದ, ಹುಟ್ಟಿನಿಂದಲೇ ಪಾದ ಸೊಟ್ಟಗಿದ್ದ ಆ ತರುಣ ನಿನ್ನ ಬರಹದಲ್ಲಿ ನೇರವಾಗಿ 1849ರ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಬಂದು ಕೂರುತ್ತಾನೆ. ನಡುವೆ, 1821ರ ಮೊಕದ್ದಮೆಯಲ್ಲಿ, ಚಾರಿಟಿ ಬಟ್ಲರ್ ಇದ್ದಾಳೆ. ಪಕ್ಕದ ರಾಜ್ಯ ಮೇರಿಲ್ಯಾಂಡಿನ ಗುಲಾಮ ಹೆಂಗಸು. ಒಡೆಯರು ಗುಲಾಮರನ್ನು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಅವರು ಸ್ವತಂತ್ರರು ಎಂದು 1780ರ ಕಾಯ್ದೆ ಹೇಳುತ್ತಿತ್ತು. ತಾನು ಅಲ್ಲಿಗೆ ಬಂದು ಹೋದ ದಿನಗಳನ್ನೆಲ್ಲ ಕೂಡಿಸಿದರೆ ಆರು ತಿಂಗಳು ದಾಟುತ್ತದೆ ಎಂಬುದು ಚಾರಿಟಿಯ ವಾದ. ಹಾಗೆ ಕೂಡಿಸುವಂತಿಲ್ಲ, ವಾಸ ಸತತವಾಗಿರಬೇಕು ಎಂದು ಒಡೆಯನ ಪರವಾಗಿ ವಾದಿಸಿ ಗೆದ್ದವನು ನಿನ್ನ ಸ್ಟೀವನ್ಸ್. ಅವಳೂ ಮಕ್ಕಳೂ ಮತ್ತೆ ಗುಲಾಮಗಿರಿಗೆ ಮರಳಿದರು. ದಿನ ಎಣಿಸುತ್ತ ನ್ಯಾಯಾಲಯದ ಬಾಗಿಲು ತಟ್ಟಿದ ಆ ತಾಯಿಯನ್ನು ಬಿಟ್ಟು ಇವನ ಕಥೆಯನ್ನು ಹೇಗೆ ಹೇಳುತ್ತೀಯೆ?

ನಿನ್ನ ಸಂಕೋಚ ನನಗೆ ಗೊತ್ತು. ನನ್ನ ಮೊದಲ ಜೀವನಚರಿತ್ರೆಯಲ್ಲಿ ನಾನೂ ಒಬ್ಬ ಹಿರಿಯರ ಸಾಲಪತ್ರಗಳನ್ನು ಕಪಾಟಿನಲ್ಲೇ ಬಿಟ್ಟೆ. ಪುಸ್ತಕ ಓದಿದ ಅವರ ಮೊಮ್ಮಗಳು ಮನೆಗೆ ಬಂದು, “ಎಲ್ಲ ಚೆನ್ನಾಗಿದೆ, ಆದರೆ ಇದು ನಮ್ಮಜ್ಜ ಅಲ್ಲ” ಎಂದಳು. ಆ ಮಾತು ಇಂದಿಗೂ ಚುಚ್ಚುತ್ತದೆ.

1823ರ ಜುಲೈ 4ರ ಸಮಾರಂಭದಲ್ಲಿ ಇದೇ ಸ್ಟೀವನ್ಸ್, ಮುಂದಿನ ಅಧ್ಯಕ್ಷ ಯಾವ ಗುಲಾಮನಿಗೂ ಸಂಕೋಲೆ ತೊಡಿಸದವನಾಗಿರಲಿ ಎಂದು ಹಾರೈಸಿದ. ಮುಂದೆ, ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡ ಪೆನ್ಸಿಲ್ವೇನಿಯಾ ರಾಜ್ಯದ ಸಂವಿಧಾನಕ್ಕೆ ಸಹಿ ಹಾಕಲಿಲ್ಲ. ಮೊಕದ್ದಮೆಗೂ ಹಾರೈಕೆಗೂ ನಡುವೆ ಪಶ್ಚಾತ್ತಾಪದ ದೃಶ್ಯವೊಂದನ್ನು ಹೊಸೆಯಬೇಡ. ನಿದ್ದೆಗೆಟ್ಟ ರಾತ್ರಿ, ಕಿಟಕಿಯಾಚೆಯ ಮಳೆ, ಯಾವುದೂ ಬೇಡ. ಎರಡನ್ನೂ ಪಕ್ಕಪಕ್ಕ ಇಡು. ಗುಲಾಮಗಿರಿಯನ್ನು ರದ್ದುಮಾಡಿ ಕರಿಯರಿಗೂ ಪೌರತ್ವ ಕೊಟ್ಟ, ಅಮೆರಿಕ ಸಂವಿಧಾನದ 13 ಮತ್ತು 14ನೇ ತಿದ್ದುಪಡಿಗಳಿಗಾಗಿ ಮುದುಕನಾಗಿ ಹೋರಾಡಿದ ಅವನ ಹಟವನ್ನು ಓದುಗರು ಆಗ ಬೇರೆ ಕಣ್ಣಿನಿಂದ ನೋಡುತ್ತಾರೆ.

ಪುಟಗಳು ಹೆಚ್ಚಾದವು ಎಂದು ಬರೆದಿದ್ದೀಯೆ. ಅವನು ಹುಟ್ಟಿದ ವರ್ಮಾಂಟಿನ ಹಿಮದ ವರ್ಣನೆಯಲ್ಲಿ ಎರಡು ಪುಟ ತೆಗೆದು ಚಾರಿಟಿಗೆ ಕೊಡು. ತಿದ್ದಿದ ಕರಡು ಬಂದ ದಿನವೇ ಓದುತ್ತೇನೆ.

ನಿನ್ನ ಅಕ್ಕ