ಕರ್ನಲ್‌ನ ಒಂದು ತಿದ್ದುಪಡಿ ಲ್ಯಾಬ್‌ಗೂ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ನಲ್ಲಿ ಮಕ್ಕಳು ಮಾಡುವುದೇನು? ರೌಂಡ್ ರಾಬಿನ್, ಬ್ಯಾಂಕರ್ಸ್ ಅಲ್ಗಾರಿದಮ್, ಪೇಜ್ ರಿಪ್ಲೇಸ್‌ಮೆಂಟ್‌ಗಳಿಗೆ ಪುಟ್ಟ ಅಣಕು ಪ್ರೋಗ್ರಾಂ ಬರೆದು ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಎದುರಿನ ಕಂಪ್ಯೂಟರ್‌ನಲ್ಲಿ ಓಡುತ್ತಿರುವುದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅದರ ತಿರುಳಾದ ಕರ್ನಲ್‌ನ ಕೋಡ್ ಎಲ್ಲರಿಗೂ ತೆರೆದಿದೆ. ಆದರೂ ಅದರ ಒಂದೇ ಒಂದು ಸಾಲನ್ನೂ ಓದದೆ ಡಿಗ್ರಿ ಮುಗಿಸಿದವರನ್ನು ನಾನು ತುಂಬ ಕಂಡಿದ್ದೇನೆ. ‘ಕರ್ನಲ್ ನಿಮ್ಮ ಮಟ್ಟದ್ದಲ್ಲ’ ಎಂದು ಮೇಷ್ಟ್ರುಗಳೇ ಹೇಳಿಬಿಡುವುದು ನನಗೆ ಒಪ್ಪಿಗೆಯಿಲ್ಲ.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಎಷ್ಟು ಇನ್‌ಸ್ಟ್ರಕ್ಷನ್ ಓಡಿದವು, ಕ್ಯಾಶ್ ಎಂಬ ಪುಟ್ಟ, ವೇಗದ ಮೆಮೊರಿಯಲ್ಲಿ ಹುಡುಕಿದ್ದು ಎಷ್ಟು ಸಲ ಸಿಗಲಿಲ್ಲ ಎಂಬುದನ್ನು ಎಣಿಸುವ ಕೌಂಟರ್‌ಗಳು ಪ್ರೊಸೆಸರ್ ಒಳಗೇ ಇರುತ್ತವೆ. ಲಿನಕ್ಸ್‌ನಲ್ಲಿ ಅವುಗಳ ಉಸ್ತುವಾರಿ ‘ಪರ್ಫ್’ ಭಾಗದ್ದು. 2009ರಲ್ಲಿ 2.6.31 ಆವೃತ್ತಿಯ ಜೊತೆ ಬಂದದ್ದು. ಪೇಜ್ ಫಾಲ್ಟ್ (ಬೇಕಾದ ಮೆಮೊರಿ ಪುಟ ಸಿದ್ಧವಿಲ್ಲದಿರುವುದು), ಕಾಂಟೆಕ್ಸ್ಟ್ ಸ್ವಿಚ್ (ಪ್ರೊಸೆಸರ್ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದು) ಇವುಗಳಂತೆ ಕರ್ನಲ್ ತಾನೇ ಎಣಿಸುವ ಘಟನೆಗಳನ್ನೂ ಅದೇ ನೋಡಿಕೊಳ್ಳುತ್ತದೆ. 2013ರ ಹೊತ್ತಿಗೆ ಅಂಥವು 9 ಇದ್ದವು, ಅವುಗಳ ನಂಬರ್ 0ಯಿಂದ 8.

ಯಾವ ನಂಬರ್ ಬೇಕೆಂದು ಬಳಕೆದಾರ ಕೊಡುವ ಸಂಖ್ಯೆ 64 ಬಿಟ್‌ನದು. ಕರ್ನಲ್‌ನ ಒಂದು ಫಂಕ್ಷನ್ ಅದನ್ನು ‘ಇಂಟ್’ಗೆ (ಮೈನಸ್ ಸಂಖ್ಯೆಯನ್ನೂ ಹಿಡಿಯುವ 32 ಬಿಟ್‌ನ ಜಾಗ) ತುಂಬಿಕೊಂಡು, 9 ಅಥವಾ ಅದಕ್ಕಿಂತ ದೊಡ್ಡದಾದರೆ ವಾಪಸ್ ಕಳಿಸುತ್ತಿತ್ತು. ಇಲ್ಲದಿದ್ದರೆ ಅರೇಯಲ್ಲಿ, ಅಂದರೆ ಸಾಲಾಗಿ ಜೋಡಿಸಿದ ಮೆಮೊರಿಯ ಮನೆಗಳಲ್ಲಿ, ಆ ನಂಬರಿನ ಮನೆಗೆ ಒಂದು ಹೆಚ್ಚಿಸುತ್ತಿತ್ತು. ಆ ಸಾಲುಗಳನ್ನು ಬೋರ್ಡ್ ಮೇಲೆ ಬರೆದು, ‘ಮೈನಸ್ ಒಂದು ಬಂದರೆ?’ ಎಂದು ಕೇಳಿದೆ. ‘ಒಂಬತ್ತಕ್ಕಿಂತ ಚಿಕ್ಕದೇ ಅಲ್ವಾ ಮೇಡಂ, ಒಳಗೆ ಬಿಟ್ಟುಬಿಡುತ್ತೆ’ ಎಂದಳು ಒಬ್ಬಳು. ಮರುಕ್ಷಣವೇ, ‘ಅರೇಗಿಂತ ಹಿಂದೆ ಏನಿರುತ್ತೆ?’ ಎಂದಳು. ಕೇಳಬೇಕಾದ ಪ್ರಶ್ನೆ ಅದೇ! ಹಿಂದೆ ಇರುವುದು ಕರ್ನಲ್‌ನದೇ ಮೆಮೊರಿ, ಹೊರಗಿನವರು ಮುಟ್ಟಲೇಬಾರದ ಜಾಗ. ಸಾಲದ್ದಕ್ಕೆ, ಎಣಿಕೆ ಮುಗಿಸುವ ಫಂಕ್ಷನ್ ಅದೇ ಸಂಖ್ಯೆಯನ್ನು 64 ಬಿಟ್‌ನಲ್ಲೇ ಓದುತ್ತಿತ್ತು. ಹೀಗಾಗಿ ಒಂದು ಹೆಚ್ಚಿಸುವುದು ಒಂದು ಜಾಗದಲ್ಲಿ, ಒಂದು ಕಳೆಯುವುದು ಬೇರೆಲ್ಲೋ.

ಸಾಮಾನ್ಯ ಲಾಗಿನ್ ಇದ್ದವರು ಇದನ್ನು ಹಿಡಿದುಕೊಂಡು ರೂಟ್, ಅಂದರೆ ಇಡೀ ಕಂಪ್ಯೂಟರ್ ಮೇಲೆ ಅಧಿಕಾರವಿರುವ ಬಳಕೆದಾರ, ಆಗಬಹುದಿತ್ತು. ವಿದ್ಯಾರ್ಥಿಗಳಿಗೆಲ್ಲ ಲಾಗಿನ್ ಕೊಟ್ಟಿರುವ ಕಾಲೇಜು ಸರ್ವರ್‌ಗೆ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

2.6.37ರಿಂದ 3.8.8ರವರೆಗಿನ ಆವೃತ್ತಿಗಳಲ್ಲಿ ಈ ದೋಷ ಇತ್ತು. ಹೊಸ ಕೋಡನ್ನು ಹಳೆಯ 2.6.32ಕ್ಕೆ ತಂದು ಸೇರಿಸಿಕೊಂಡಿದ್ದ, ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಆವೃತ್ತಿ 6ರಲ್ಲೂ ಇತ್ತು. ಕರ್ನಲ್‌ಗೆ ಅಡ್ಡಾದಿಡ್ಡಿ ಕರೆಗಳನ್ನು ಕಳಿಸಿ ಪರೀಕ್ಷಿಸುವ ‘ಟ್ರಿನಿಟಿ’ ಎಂಬ ಸಾಧನದ ಕೈಗೆ ಅದು ಸಿಕ್ಕಿಬಿತ್ತು. ಟೋಮ್ಮಿ ರಾಂಟಲಾ ಎಂಬವರು 2013ರ ಏಪ್ರಿಲ್‌ನಲ್ಲಿ ಸರಿಪಡಿಸಿದರು. ಮಾಡಿದ್ದಿಷ್ಟೇ: ‘ಇಂಟ್’ ಎಂದಿದ್ದಲ್ಲಿ ‘ಯು64’, ಅಂದರೆ ಮೈನಸ್ ಇಲ್ಲದ 64 ಬಿಟ್ ಸಂಖ್ಯೆ. ಅರೇಯ ಹೊರಗೆ ಕೈ ಹೋಗುತ್ತದೆ ಎಂದು ತಿದ್ದುಪಡಿಯ ಟಿಪ್ಪಣಿ ಹೇಳಿತ್ತು, ಅದರಿಂದ ರೂಟ್ ಸಿಗುತ್ತದೆ ಎಂದು ಹೇಳಿರಲಿಲ್ಲ. ಮೇ ತಿಂಗಳಲ್ಲಿ ದಾಳಿಯ ಕೋಡ್ ಬಹಿರಂಗವಾದ ಮೇಲೆ ಎಲ್ಲರೂ ಅಪ್‌ಡೇಟ್‌ಗೆ ಓಡಿದರು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2013-2094 ಎಂದರೆ ಇದೇ.

ಇದರಲ್ಲಿ ಮೊದಲ ವರ್ಷದ ಸಿ ಪಾಠಕ್ಕೆ ಮೀರಿದ್ದು ಏನಿದೆ? ಇಂಟ್‌ನ ಅಳತೆ, ಮೈನಸ್ ಚಿಹ್ನೆ, ಅರೇಯ ಎಲ್ಲೆ. ಇವನ್ನೆಲ್ಲ ನಾವು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತೇವೆ. ಅವು ಯಾಕೆ ಮುಖ್ಯ ಎಂದು ತೋರಿಸುವುದಿಲ್ಲ.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ: ಅಣಕು ಪ್ರೋಗ್ರಾಂಗಳಲ್ಲಿ ಒಂದನ್ನು ಕೈಬಿಟ್ಟು, ಇಂಥ ಒಂದು ತಿದ್ದುಪಡಿಯನ್ನು ಓದಿ ವಿವರಿಸುವುದನ್ನು ಲ್ಯಾಬ್ ಪಟ್ಟಿಗೆ ಸೇರಿಸಿ. ವೈವಾದಲ್ಲಿ ಅದನ್ನೇ ಕೇಳಿ. ಜೊತೆಗೆ, ದೊಡ್ಡ ಮ್ಯಾಟ್ರಿಕ್ಸ್ ಒಂದನ್ನು ಅಡ್ಡಸಾಲಿನಂತೆ ಒಮ್ಮೆ, ಕಂಬಸಾಲಿನಂತೆ ಒಮ್ಮೆ ಕೂಡಿಸಿ, ಕ್ಯಾಶ್ ಲೆಕ್ಕ ಹೇಗೆ ಬದಲಾಗುತ್ತದೆಂದು ಆ ಕೌಂಟರ್‌ಗಳನ್ನು ತೋರಿಸುವ ‘ಪರ್ಫ್ ಸ್ಟ್ಯಾಟ್’ ಕಮಾಂಡ್‌ನಲ್ಲಿ ಮಕ್ಕಳೇ ನೋಡಲಿ. ಹೊಸ ಉಪಕರಣ ಏನೂ ಬೇಡ. ಬೇರೊಂದು ಸಿಸ್ಟಮ್‌ನೊಳಗೆ ಲಿನಕ್ಸ್ ಓಡಿಸುವ ವರ್ಚುವಲ್ ಮಷೀನ್‌ನಲ್ಲಿ ಎಷ್ಟೋ ಸಲ ಪ್ರೊಸೆಸರ್‌ನ ಕೌಂಟರ್‌ಗಳು ಸಿಗುವುದಿಲ್ಲ. ಲ್ಯಾಬ್‌ನ ಕೆಲವು ಕಂಪ್ಯೂಟರ್‌ಗಳಿಗಾದರೂ ಲಿನಕ್ಸನ್ನು ನೇರವಾಗಿ ಹಾಕಿಸಿಕೊಟ್ಟರೆ ಸಾಕು.

ಕಂಪ್ಯೂಟರ್ ವಿಜ್ಞಾನ ಅಧ್ಯಾಪಕಿ, ಹಾಸನ