ದೋಸೆಯನ್ನು ಪಾರ್ಸೆಲ್ ಕಟ್ಟಿಸುವುದು ಬೇಡ

ವಿಜಯಪುರ

ಪ್ರೀತಿಯ ಗೆಳೆಯಾ,

ಮುಂದಿನ ತಿಂಗಳು ನೀನು ಊರಿಗೆ ಬರುತ್ತಿರುವ ಸುದ್ದಿ ಓದಿ ಬಹಳ ಸಂತೋಷವಾಯಿತು. ಆದರೆ ಪತ್ರದ ಕೊನೆಯಲ್ಲಿ ನೀನು ಬರೆದ ಒಂದು ಮಾತು ಎರಡು ದಿನದಿಂದ ನನ್ನ ತಲೆಯಲ್ಲೇ ಇದೆ. ನಾಷ್ಟಾಕ್ಕೆ ಹೋಟೆಲಿಗೆ ಹೋದರೆ ಗದ್ದಲ, ಗಾಂಧಿ ಚೌಕದ ಕಡೆಯಿಂದ ನಾಲ್ಕು ಮಸಾಲೆ ದೋಸೆ ಕಟ್ಟಿಸಿಕೊಂಡು ಬಾ, ಮನೆಯಲ್ಲೇ ಕುಳಿತು ತಿನ್ನೋಣ ಎಂದಿದ್ದೀಯ. ಬೆಂಗಳೂರಿನಲ್ಲಿ ಮೊಬೈಲಿನಿಂದಲೇ ಎಲ್ಲವನ್ನೂ ತರಿಸಿಕೊಂಡು ರೂಢಿಯಾದ ನಿನಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ಇಡ್ಲಿ ಬೇಕೆಂದರೆ ತರುತ್ತೇನೆ, ಶಿರಾ ಉಪ್ಪಿಟ್ಟು ತರುತ್ತೇನೆ, ದೋಸೆಯನ್ನು ಮಾತ್ರ ತರಲಾರೆ.

ಹೋದ ವರ್ಷ ಅಪ್ಪನ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿ ಅವರು ಎರಡು ತಿಂಗಳು ಮನೆ ಬಿಟ್ಟು ಹೊರಬರಲಿಲ್ಲ ಎಂಬುದು ನಿನಗೆ ಗೊತ್ತು. ತಿನ್ನುವ ವಿಷಯದಲ್ಲಿ ಎಂದೂ ಏನನ್ನೂ ಕೇಳದ ಮನುಷ್ಯ ಒಂದು ಬೆಳಿಗ್ಗೆ ತಾವಾಗಿಯೇ ಮಸಾಲೆ ದೋಸೆ ತಿನ್ನಬೇಕೆನಿಸಿದೆ ಎಂದರು. ನಾನು ಗಾಡಿ ತೆಗೆದುಕೊಂಡು ಓಡಿದೆ. ಕಟ್ಟಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ಇಪ್ಪತ್ತು ನಿಮಿಷವಾಗಿತ್ತು. ಕಾಗದ ಬಿಚ್ಚಿದರೆ ಒಳಗಿನ ಎಲೆಯ ಮೇಲೆಲ್ಲ ನೀರಿನ ಹನಿ, ದೋಸೆ ಒದ್ದೆ ಬಟ್ಟೆಯ ಹಾಗೆ ಮಡಿಕೆಯಲ್ಲೇ ಅಂಟಿಕೊಂಡಿದೆ, ಬಿಡಿಸಲು ಹೋದರೆ ಪಲ್ಯದ ಸಮೇತ ಹರಿದು ಬರುತ್ತಿದೆ. ಅಪ್ಪ ಪೂರ್ತಿ ತಿಂದರು, "ಚಲೋ ಆಗೇದ" ಎಂದರು, ಕೈ ತೊಳೆದುಕೊಂಡರು. ಆಮೇಲೆ ಮನೆಯಲ್ಲಿದ್ದಷ್ಟು ದಿನ ಮತ್ತೊಮ್ಮೆ ದೋಸೆಯ ಹೆಸರೆತ್ತಲಿಲ್ಲ. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಹೋಟೆಲಿನವರ ತಪ್ಪೇನೂ ಅದರಲ್ಲಿ ಇರಲಿಲ್ಲ. ಹಿಟ್ಟಿನ ಕೆಳಪದರದ ನೀರೆಲ್ಲ ಕಾದ ಹಂಚಿನ ಮೇಲೆ ಆವಿಯಾಗಿ ಹೋದ ಮೇಲೆ ಉಳಿಯುವ ತೆಳ್ಳಗಿನ ಕೆಂಪು ಪೊರೆಯೇ ದೋಸೆಯ ಗರಿ. ಆದರೆ ಅದರ ಮೇಲ್ಭಾಗವೂ ಒಳಗಿನ ಬಟಾಟೆ ಪಲ್ಯವೂ ಇನ್ನೂ ಹಬೆಯಾಡುತ್ತಿರುತ್ತವೆ. ಬಿಸಿಯಾಗಿದ್ದಾಗಲೇ ಮಡಿಸಿ ಕಟ್ಟಿದರೆ ಆ ಹಬೆಗೆ ಹೊರಹೋಗಲು ದಾರಿಯಿಲ್ಲ, ಅದು ಮತ್ತೆ ನೀರಾಗಿ ಅದೇ ಪೊರೆಯೊಳಗೆ ಇಳಿಯುತ್ತದೆ. ಹಬೆಯಲ್ಲೇ ಬೆಂದ ಇಡ್ಲಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ದೋಸೆಗೆ ಮಾತ್ರ ಅದರ ಪ್ರಾಣವೇ ಹೋಗುತ್ತದೆ.

ಅಪ್ಪ ಕೋಲು ಹಿಡಿದು ನಡೆಯುವಂತಾದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಆಟೋದಲ್ಲಿ ಅವರನ್ನು ಆ ಹೋಟೆಲಿಗೇ ಕರೆದುಕೊಂಡು ಹೋದದ್ದು. ಒಳಗೆ ಹಂಚು ಕಾಣುವ ಮೇಜೊಂದಿದೆ. ಅಲ್ಲಿದ್ದವರು ಕೋಲು ನೋಡಿ ತಾವೇ ಎದ್ದು ಜಾಗ ಬಿಟ್ಟರು. ದೋಸೆ ಹಾಕುವವರು ಹಂಚಿನ ಮೇಲೆ ಒಂದು ಹಿಡಿ ನೀರು ಚಿಮುಕಿಸಿದರು, ಚುಂಯ್ ಎಂದು ಹಬೆ ಎದ್ದಿತು, ಗಿಡ್ಡ ಕಸಬರಿಗೆಯಿಂದ ಒಮ್ಮೆ ಬಳಿದು ಸವುಟಿನ ಹಿಟ್ಟನ್ನು ನಡುವಿನಿಂದ ಅಂಚಿಗೆ ಸುತ್ತುತ್ತ ಹರಡಿದರು. ಹಂಚು ಅತಿಯಾಗಿ ಕಾದಿದ್ದರೆ ಹಿಟ್ಟು ಹರಡುವ ಮೊದಲೇ ಕಚ್ಚಿಕೊಳ್ಳುತ್ತದೆ, ಆ ನೀರು ಕಾವನ್ನು ತುಸು ಇಳಿಸುತ್ತದೆ ಎಂದು ಅಪ್ಪನೇ ನನಗೆ ಹೇಳಿದರು. ದೋಸೆ ಬಂದೊಡನೆ ಅವರು ಚಟ್ನಿ ಮುಟ್ಟಲಿಲ್ಲ. ಅಂಚಿನ ಒಂದು ತುಂಡನ್ನು ಪಟ್ಟೆಂದು ಮುರಿದು ಹಾಗೆಯೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅವತ್ತು "ಚಲೋ ಆಗೇದ" ಎಂಬ ಮಾತು ಬರಲಿಲ್ಲ, ಇನ್ನೊಂದು ಹೇಳು ಎಂದರು.

ಚಟ್ನಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕಟ್ಟಿಸಿದಾಗ ಅದಕ್ಕೂ ಅನ್ಯಾಯವಾಗುತ್ತದೆ. ತೆಂಗಿನ ತೋಟಗಳು ಅಪರೂಪವಾದ ನಮ್ಮ ಒಣ ಸೀಮೆಯಲ್ಲಿ ಹೋಟೆಲಿನ ಚಟ್ನಿಗೆ ಪುಟಾಣಿಯೂ ಶೇಂಗಾವೂ ಧಾರಾಳವಾಗಿ ಬೀಳುತ್ತವೆ, ಹಸಿಮೆಣಸಿನಕಾಯಿಯ ಖಾರ ಮುಂದಾಗಿರುತ್ತದೆ. ರುಬ್ಬಿ ಒಗ್ಗರಣೆ ಕೊಟ್ಟ ಹೊಸದರಲ್ಲಿ ಅದರ ರುಚಿಯೇ ಬೇರೆ. ಪ್ಲಾಸ್ಟಿಕ್ ಚೀಲದಲ್ಲಿ ದಾರ ಸುತ್ತಿಸಿಕೊಂಡು ಬಿಸಿ ಸಾಂಬಾರಿನ ಪಕ್ಕದಲ್ಲಿ ಕುಳಿತ ಚಟ್ನಿ ಬೇಗ ಹುಳಿಯತ್ತ ತಿರುಗುತ್ತದೆ, ಅದರಲ್ಲೂ ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ. ಮೇಜಿನ ಮೇಲಾದರೆ ಬೇಕಾದಷ್ಟು ಸಲ ಹಾಕಿಸಿಕೊಳ್ಳಬಹುದು.

ಜೋಳದ ರೊಟ್ಟಿಯ ನಾಡಿನವರಿಗೆ ದೋಸೆಯ ಮೇಲೆ ಇಷ್ಟೊಂದು ಹಟವೇಕೆ ಎಂದು ನೀನು ಕಾಲೇಜಿನ ದಿನಗಳಲ್ಲಿ ನನ್ನನ್ನು ಕೇಳುತ್ತಿದ್ದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಬೇಳೆಯಿಂದ ಮಾಡುವ ‘ಧೋಸಕ’ದ ಮಾತಿದೆ, ಮತ್ತು ಆ ಅರಸರ ಆಳ್ವಿಕೆಯಲ್ಲೇ ನಮ್ಮ ಈ ಊರೂ ಇತ್ತು. ಇಂದಿನ ಅಕ್ಕಿ-ಉದ್ದಿನ ಮಸಾಲೆ ದೋಸೆ ಅದಲ್ಲ, ಇದನ್ನು ನಮ್ಮ ಬೀದಿಗಳಿಗೆ ತಂದವರು ಉಡುಪಿಯ ಕಡೆಯ ಹೋಟೆಲಿನವರೇ. ಆದರೂ ಆ ಹೆಸರು ಈ ನೆಲಕ್ಕೆ ಹೊಸದಲ್ಲ ಎಂದು ತಿಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಗದ್ದಲದ ಚಿಂತೆ ನಿನಗೆ ಬೇಡ. ಭಾನುವಾರ ಬಿಟ್ಟು ಉಳಿದ ದಿನ ಏಳು ಗಂಟೆಗೆಲ್ಲ ಹೋದರೆ ಹಂಚಿನ ಎದುರಿನ ಮೇಜು ಸಿಕ್ಕೇ ಸಿಗುತ್ತದೆ. ನಿನ್ನ ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಬರೆದು ತಿಳಿಸು. ಮನೆಗೆ ಹೋಗಿ ಬ್ಯಾಗು ಇಳಿಸುವುದು ಆಮೇಲೆ ಆಗಲಿ. ಅಪ್ಪನಿಗೆ ಹೇಳಿದ್ದೇನೆ, ಅವರೂ ಬರುತ್ತಾರೆ.

ನಿನ್ನ ದಾರಿ ಕಾಯುವ
ಗೆಳೆಯ