ಉಳಿಕೆಯಲ್ಲ, ರೈಟ್ ನುಡಿಸಿದ್ದು

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಕೊನೆಯ ಸ್ಟುಡಿಯೊ ಆಲ್ಬಮ್ 'ದಿ ಎಂಡ್‌ಲೆಸ್ ರಿವರ್' (2014) ಹಳೇ ಟೇಪುಗಳ ಉಳಿಕೆ ಎಂಬ ಮಾತು ಸಾಪ್ತಾಹಿಕ ಪುರವಣಿಯಲ್ಲಿ ಬಂದಿದೆ. ಟೇಪು ಹಳೆಯದೇ ಹೌದು. ತಂಡದ ಹಿಂದಿನ ಆಲ್ಬಮ್ 'ದಿ ಡಿವಿಷನ್ ಬೆಲ್'ಗಾಗಿ 1993-94ರಲ್ಲಿ ನುಡಿಸಿದ್ದರಿಂದ ಆಯ್ದದ್ದು. ಆದರೆ ಸ್ಥಾಪಕ ಸದಸ್ಯ, ಕೀಬೋರ್ಡ್ ವಾದಕ ರಿಚರ್ಡ್ ರೈಟ್ 2008ರಲ್ಲೇ ತೀರಿಕೊಂಡಿದ್ದರು. ಅವರ ಬೆರಳು ಬೇಕಿದ್ದರೆ ಹಳೇ ಟೇಪಿಗೇ ಹೋಗಬೇಕಲ್ಲ! ತಂಡದಲ್ಲಿ ಉಳಿದಿದ್ದ ಗಿಲ್ಮೋರ್, ಮೇಸನ್ ಅದರ ಮೇಲೆ ಗಿಟಾರ್, ಡ್ರಮ್ ಹೊಸದಾಗಿ ಸೇರಿಸಿದರು. ಇದೇ ಆಲ್ಬಮ್ಮಿನ 'ಆಟಮ್ 68' ಎಂಬ ತುಣುಕಿನ ಪೈಪ್ ಆರ್ಗನ್ ಇನ್ನೂ ಹಿಂದಿನದು, 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರೈಟ್ ನುಡಿಸಿದ್ದು.

ಕೇಳುವ ಕ್ರಮವೂ ತಪ್ಪುತ್ತಿದೆ. 18 ತುಣುಕುಗಳು ನಾಲ್ಕು ಭಾಗಗಳಾಗಿ ಒಂದರೊಳಗೊಂದು ಸೇರಿಕೊಂಡಿವೆ. ಪೂರ್ತಿ ಹಾಡು ಎನ್ನುವಂಥದ್ದು ಕೊನೆಯದೊಂದೇ. ಶಫಲ್ ಹಾಕಿ ಕ್ರಮ ಕಲಸಿದರೆ ಎಳೆದ ಸ್ವರ ನಡುವಿನಲ್ಲೇ ತುಂಡಾಗುತ್ತದೆ. ಪ್ಲೇಯರಿನಲ್ಲಿ ಶಫಲ್, ಕ್ರಾಸ್‌ಫೇಡ್ (ಒಂದರ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವುದು) ಎರಡನ್ನೂ ಆಫ್ ಮಾಡಿ, ಗ್ಯಾಪ್‌ಲೆಸ್ (ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಮಾಡಿ. ಫೋನಿನ ಸಣ್ಣ ಸ್ಪೀಕರಿನಲ್ಲಿ ಆರ್ಗನ್ನಿನ ಮಂದ್ರ ಬರುವುದೇ ಇಲ್ಲ, ಹೆಡ್‌ಫೋನ್ ಬೇಕು. ಯಕ್ಷಗಾನದ ಶ್ರುತಿಪೆಟ್ಟಿಗೆಯ ಹಾಗೆ ರೈಟ್ ಅವರ ಸ್ವರ ಹಿಂದೆಯೇ ನಿಲ್ಲುತ್ತದೆ. ಗಿಟಾರನ್ನೇ ಹುಡುಕುತ್ತ ಕೂತವರಿಗೆ ಸಿಕ್ಕದು.

– ಕೆಲವು ರಾಕ್ ಕೇಳುಗರು, ಕದ್ರಿ, ಮಂಗಳೂರು